ಕಾಯುವ ದಿನಗಳಿಗೆ ಕೂಲಿ ಯಾರು ಕೊಡುತ್ತಾರೆ?

(ಗುರುತು ಸಿಗಬಾರದೆಂದು ಊರು, ವಯಸ್ಸು, ಮನೆಯ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ದಂಪತಿಯ ಒಪ್ಪಿಗೆ ಇದೆ.)

ಮಲೆನಾಡಿನ ಒಂದು ತಾಲ್ಲೂಕು ಕೇಂದ್ರದಿಂದ ಆ ದಂಪತಿ ಆಪ್ತಸಲಹೆಗೆಂದು ನನ್ನಲ್ಲಿಗೆ ಬಂದಿದ್ದರು. ಗಂಡನಿಗೆ ನಲವತ್ತರ ಆಸುಪಾಸು. ಘಟ್ಟ, ಜಲಪಾತ, ಕಾಫಿ ತೋಟ, ಹಂಪಿಯ ಬಂಡೆಗಳ ಫೋಟೊ ತೆಗೆಯುವುದೇ ವೃತ್ತಿ. ರೆಸಾರ್ಟು, ಹೋಂಸ್ಟೇಗಳ ಗೋಡೆಗೆ ಮತ್ತು ವೆಬ್‌ಸೈಟಿಗೆ, ಕ್ಯಾಲೆಂಡರಿಗೆ, ಆಗೊಮ್ಮೆ ಈಗೊಮ್ಮೆ ಪತ್ರಿಕೆಗೆ ಅವರ ಚಿತ್ರಗಳು ಹೋಗುತ್ತವೆ. ಹೆಂಡತಿ ಖಾಸಗಿ ಶಾಲೆಯಲ್ಲಿ ಶಿಕ್ಷಕಿ. ಒಬ್ಬಳು ಮಗಳು, ಜೊತೆಗೆ ಗಂಡನ ತಾಯಿ. ಸಮಯ ಗೊತ್ತುಮಾಡಿಕೊಂಡಿದ್ದು ಆಕೆ. ಬಂದ ಕಾರಣದ ಜಾಗದಲ್ಲಿ 'ಸಿಟ್ಟು, ನಿದ್ದೆ ಇಲ್ಲ, ಮನೇಲಿ ಮಾತಿಲ್ಲ' ಎಂದು ಬರೆದಿದ್ದರು. ಇವರ, ಅಂದರೆ ಗಂಡನ, ಪ್ರಶ್ನೆ ಬೇರೆಯೇ ಇತ್ತು: "ಮೇಡಂ, ಕ್ಯಾಮೆರಾ ಮಾರಿ ಬೇರೆ ಏನಾದ್ರೂ ನೋಡ್ಕೊಳ್ಲಾ? ಅದೊಂದು ಹೇಳಿಬಿಡಿ."

ಇಂಥ ಪ್ರಶ್ನೆಗೆ ಮೊದಲ ಭೇಟಿಯಲ್ಲಿ ನಾನು ಉತ್ತರ ಕೊಡುವುದಿಲ್ಲ. ನಿದ್ದೆಗೆಟ್ಟ ಮನುಷ್ಯ ಬದುಕಿನ ದೊಡ್ಡ ತೀರ್ಮಾನ ತೆಗೆದುಕೊಳ್ಳಬಾರದು ಅನ್ನುವುದು ನನ್ನ ಹಟ. ಬೆಳಗಿನ ಬೆಳಕಿಗಾಗಿ ಇವರು ಮೂರು ಗಂಟೆಗೆ ಏಳುತ್ತಾರೆ, ಸಂಜೆಯ ಬೆಳಕು ಮುಗಿಸಿ ಕತ್ತಲಲ್ಲಿ ಗುಡ್ಡ ಇಳಿಯುತ್ತಾರೆ, ರಾತ್ರಿ ಕಂಪ್ಯೂಟರಿನ ಮುಂದೆ ಎಡಿಟಿಂಗ್. ವರ್ಷಗಳಿಂದ ಹೀಗೇ ನಡೆದಿದೆ. ಬದುಕು ಬೇಡವೆನ್ನಿಸುವ ಯೋಚನೆ ಬರುತ್ತದೆಯೇ ಎಂದು ನೇರವಾಗಿಯೇ ಕೇಳಿದೆ. ಬರುವುದಿಲ್ಲ ಎಂದರು. ಆದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಅನ್ನು ಇಬ್ಬರ ಫೋನಿನಲ್ಲೂ ಉಳಿಸಿಕೊಳ್ಳಲು ಹೇಳಿದೆ. ನಿದ್ದೆ ಮತ್ತು ತಲೆನೋವಿಗೆ ಒಮ್ಮೆ ವೈದ್ಯರನ್ನು ಕಾಣಲೂ ಕಳಿಸಿದೆ. ಆಪ್ತಸಲಹೆಯಲ್ಲಿ ಎಲ್ಲವೂ ಮನಸ್ಸಿನದೇ ಎಂದು ಹೊರಡುವುದು ತಪ್ಪು.

ಎರಡನೇ ಭೇಟಿಯಲ್ಲಿ ಇಬ್ಬರನ್ನೂ ಬೇರೆಬೇರೆಯಾಗಿ ಕೂರಿಸಿ ಮಾತಾಡಿದೆ.

ಆಕೆ ಅಳಲಿಲ್ಲ, ಕೂಗಲಿಲ್ಲ. ಶಾಲೆಯ ಹಾಜರಿ ಹೇಳಿದಷ್ಟೇ ಸಮಾಧಾನದಲ್ಲಿ ಹೇಳುತ್ತಾ ಹೋದರು. "ನಾಲ್ಕು ದಿನ ಗುಡ್ಡದ ಮೇಲೆ ಕೂತಿರ್ತಾರೆ. ಫೋನ್ ಮಾಡಿದ್ರೆ ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಾರೆ ಅಂತ ಬರುತ್ತೆ. ವಾಪಸ್ ಬಂದಾಗ ಎಷ್ಟು ಫೋಟೊ ಆಯ್ತು ಅಂದ್ರೆ, ಒಂದೂ ಆಗಿಲ್ಲ ಅಂತಾರೆ. ಅತ್ತೆಗೆ ಜ್ವರ ಬಂದಾಗ, ಗೇಟಿನ ಮೇಲೆ ಮರ ಬಿದ್ದಾಗ ಎಲ್ಲಾ ನಾನೇ. ಇವರು ಕೆಲಸಕ್ಕೆ ಹೋಗಿದ್ರಾ, ಸುಮ್ನೆ ಹೋಗಿದ್ರಾ ಅಂತ ನಂಗೇ ಗೊತ್ತಾಗಲ್ಲ."

ಆ ಕೊನೆಯ ಮಾತನ್ನು ನಾನು ಗುರುತು ಹಾಕಿಕೊಂಡೆ. ಇವರನ್ನು ಕೂರಿಸಿಕೊಂಡು ಅದೇ ಪ್ರಶ್ನೆಯನ್ನು ಇಟ್ಟಾಗ ಇವರಿಗೂ ಉತ್ತರ ಇರಲಿಲ್ಲ.

ಈ ಕಸುಬಿನ ಒಳಗಿನವರಲ್ಲದವರಿಗೆ ಒಂದು ಸಂಗತಿ ತಿಳಿಯುವುದಿಲ್ಲ. ಕ್ಯಾಮೆರಾ ಒತ್ತುವುದು ಇಲ್ಲಿ ಕ್ಷಣದ ಕೆಲಸ, ಮಿಕ್ಕಿದ್ದೆಲ್ಲ ಕಾಯುವುದು. ಜೋಗದ ಮುಂದೆ ಆಗಸ್ಟಿನಲ್ಲಿ ನಿಂತವರಿಗೆ ಗೊತ್ತು: 253 ಮೀಟರ್ ಎತ್ತರದ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಮೋಡದೊಳಗೆ ಮಾಯವಾಗಿ ಬರಿಯ ಸದ್ದು ಉಳಿಯುತ್ತದೆ. ಯಾವಾಗಲೋ ಎರಡು ನಿಮಿಷ ಪರದೆ ಸರಿಯುತ್ತದೆ, ಮತ್ತೆ ಮುಚ್ಚುತ್ತದೆ. ಆ ಎರಡು ನಿಮಿಷಕ್ಕೆ ಬೆಳಗ್ಗೆಯಿಂದ ಕೊಡೆ ಹಿಡಿದು ನಿಲ್ಲಬೇಕು. ಕೆಲವು ದಿನ ಸರಿಯುವುದೇ ಇಲ್ಲ. ನೀರಿನ ಪ್ರಮಾಣ ಮಳೆಯ ಮೇಲಷ್ಟೇ ಅಲ್ಲ, ಮೇಲಿನ ಲಿಂಗನಮಕ್ಕಿ ಜಲಾಶಯದಿಂದ ಎಷ್ಟು ಬಿಡುತ್ತಾರೆ ಅನ್ನುವುದರ ಮೇಲೂ ನಿಂತಿದೆ. ಇದರ ಮಧ್ಯೆ ಮಲೆನಾಡಿನ ತೇವಕ್ಕೆ ಲೆನ್ಸಿನೊಳಗೆ ಫಂಗಸ್ ಹಿಡಿಯುತ್ತದೆ. ಅದನ್ನು ಬೆಂಗಳೂರಿಗೆ ಕಳಿಸಿ ಶುಚಿ ಮಾಡಿಸುವ ಖರ್ಚು ಬೇರೆ.

ಜಗಳ ದೊಡ್ಡದಾಗಿದ್ದು ಕಾಫಿ ಹೂವಿನಿಂದ. ತೋಟದ ನಡುವಿನ ಒಂದು ರೆಸಾರ್ಟು ಹೂವಿನ ಕಾಲದ ಚಿತ್ರ ಬೇಕು ಎಂದು ಕೆಲಸ ಒಪ್ಪಿಸಿತ್ತು. ಕಾಫಿ ಗಿಡ ತಾರೀಕು ನೋಡಿ ಹೂ ಬಿಡುವುದಿಲ್ಲವಲ್ಲ. ಮಾರ್ಚಿನ ಹೊತ್ತಿಗೆ ಹೂಮಳೆ, ಅಂದರೆ ಮೊಗ್ಗು ಅರಳಿಸುವ ಮಳೆ, ಬೀಳಬೇಕು, ಬಿದ್ದು ಎಂಟು-ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದೆ, ಮೂರು-ನಾಲ್ಕು ದಿನದಲ್ಲಿ ಬಾಡುತ್ತದೆ. ಮಳೆ ಒಂದು ಹೋಬಳಿಗೆ ಬಿದ್ದು ಪಕ್ಕದ್ದಕ್ಕೆ ಬೀಳದೆಯೂ ಇರಬಹುದು. ಇವರು ಎರಡು ಸಲ ಹೋಗಿ ಬರಿಗೈಲಿ ಬಂದರು. ಮೂರನೇ ಸಲ ಹೂ ಸಿಕ್ಕಿತು. ಅದೇ ವಾರ ಮಗಳ ಪರೀಕ್ಷೆ ಮತ್ತು ಹೆಂಡತಿಯ ತಮ್ಮನ ನಿಶ್ಚಿತಾರ್ಥ. ನಿಶ್ಚಿತಾರ್ಥಕ್ಕೆ ಇವರು ಹೋಗಲಿಲ್ಲ. ಫೋಟೊ ಚೆನ್ನಾಗಿ ಬಂತು, ರೆಸಾರ್ಟಿನವರು ಹೊಗಳಿದರು, ಆದರೆ ದುಡ್ಡು ಬರಲಿಲ್ಲ. ತಿಂಗಳುಗಟ್ಟಲೆ 'ಅಕೌಂಟ್ಸ್‌ನವರು ನೋಡ್ತಿದ್ದಾರೆ ಸರ್' ಎಂಬ ಉತ್ತರ ಮಾತ್ರ. ಅಷ್ಟರಲ್ಲಿ ಆ ಚಿತ್ರಗಳಲ್ಲಿ ಒಂದು ಇನ್ನೊಂದು ಕಂಪನಿಯ ಕಾಫಿ ಪುಡಿಯ ಪೊಟ್ಟಣದ ಮೇಲೆ ಕಾಣಿಸಿತು. ರೆಸಾರ್ಟಿನವರೇ ಕೊಟ್ಟಿದ್ದರಂತೆ.

ಬಿಲ್ ತೋರಿಸಿ ಎಂದೆ. ಅದರಲ್ಲಿ ಒಂದೇ ಸಾಲು: 'ಫೋಟೊಗ್ರಫಿ', ಪಕ್ಕದಲ್ಲಿ ಒಂದು ಮೊತ್ತ. ಬರಿಗೈಲಿ ಬಂದ ಎರಡು ಪ್ರಯಾಣ ಅದರಲ್ಲಿ ಎಲ್ಲಿಯೂ ಇಲ್ಲ. ಯಾಕೆ ಹಾಕಿಲ್ಲ ಎಂದು ಕೇಳಿದಾಗ, "ಆ ದಿನಗಳಲ್ಲಿ ನಾನು ಏನೂ ಮಾಡ್ಲಿಲ್ವಲ್ಲ ಮೇಡಂ" ಎಂದರು. ಮನೆಯಲ್ಲಿ ಹೆಂಡತಿ ಆಡುತ್ತಿದ್ದ ಮಾತೂ ಇದೇ. ಅದೇ ಮಾತಿಗೆ ಇವರು ಹೆಂಡತಿಯ ಮೇಲೆ ಮುನಿದಿದ್ದರು.

ಈ ಪ್ರಕರಣದ ಗಂಟು ಇಲ್ಲಿದೆ ಎಂದು ನನಗೆ ಅನ್ನಿಸಿದ್ದು ಆಗ. ಕಾಯುವುದು ಕೆಲಸ ಎಂದು ಇವರೇ ಒಪ್ಪಿರಲಿಲ್ಲ. ಒಪ್ಪದಿದ್ದುದರಿಂದ ಗಿರಾಕಿಯ ಹತ್ತಿರ ಅದಕ್ಕೆ ಹಣ ಕೇಳಲಿಲ್ಲ, ಹೆಂಡತಿಗೆ ವಿವರಿಸಲಿಲ್ಲ, ತಮಗೂ ಎಷ್ಟು ಕಾಯಬೇಕೆಂಬ ಅಳತೆ ಇಟ್ಟುಕೊಳ್ಳಲಿಲ್ಲ.

ಆದರೆ ಇದಿಷ್ಟೇ ಆಗಿದ್ದರೆ ದರಪಟ್ಟಿ ತಿದ್ದಿ ಕಳಿಸಬಹುದಿತ್ತು. ಒಂದು ಸಣ್ಣ ನೋಟ್‌ಬುಕ್ ಇಡಿ ಎಂದೆ. ಪ್ರತಿ ಪ್ರಯಾಣಕ್ಕೂ ಮೂರು ಮಾತು ಬರೆಯಬೇಕು: ಯಾವುದಕ್ಕೆ ಕಾದೆ, ಅದು ಇನ್ನು ಬರುವುದಿಲ್ಲವೆಂದು ಯಾವಾಗ ಗೊತ್ತಾಯಿತು, ಆಮೇಲೂ ಯಾಕೆ ಉಳಿದೆ. ಮೊದಲೆರಡನ್ನು ಉತ್ಸಾಹದಿಂದ ಬರೆದು ತಂದರು. ಗಾಳಿಯ ದಿಕ್ಕು, ಮಂಜು ಏಳುವ ಹೊತ್ತು, ಮುಳ್ಳಯ್ಯನಗಿರಿಯ ಮೇಲೆ ಮೋಡ ಕೂತರೆ ಎಷ್ಟು ಹೊತ್ತು ಕೂರುತ್ತದೆ ಎಂಬುದೆಲ್ಲ ಇತ್ತು. ಓದಲು ಸೊಗಸಾಗಿತ್ತು. ಮೂರನೇ ಅಂಕಣ ಖಾಲಿ. ಮುಂದಿನ ಭೇಟಿಗೂ ಖಾಲಿ. ಅದರ ಮುಂದಿನದಕ್ಕೆ ಒಂದು ಸಾಲು ಬಂತು: 'ಇಳಿದರೆ ಸಿಗ್ನಲ್ ಸಿಗುತ್ತೆ.'

ಸಿಗ್ನಲ್ ಸಿಕ್ಕರೆ ಸಾಲದ ಕಂತು ಕೇಳುವ ಬ್ಯಾಂಕಿನವರು ಸಿಗುತ್ತಾರೆ. ಎರಡು ಲೆನ್ಸು, ಒಂದು ಕ್ಯಾಮೆರಾ ಬಾಡಿ ಎಲ್ಲ ಕಂತಿನ ಮೇಲೆ ತಂದದ್ದು. ಕಂತು ತಪ್ಪಿದೆ ಎಂದು ಹೆಂಡತಿಗೆ ಹೇಳಿರಲಿಲ್ಲ. ಅಂದರೆ ಗುಡ್ಡದ ಮೇಲೆ ಕಳೆದ ದಿನಗಳಲ್ಲಿ ಕೆಲವು ಕೆಲಸ, ಕೆಲವು ಅಡಗುತಾಣ. ಎರಡಕ್ಕೂ ಹೊರಗಿನಿಂದ ನೋಡಲು ಒಂದೇ ರೂಪ: ಕಲ್ಲಿನ ಮೇಲೆ ಸುಮ್ಮನೆ ಕೂತ ಮನುಷ್ಯ. ಆಕೆಗೆ ವ್ಯತ್ಯಾಸ ತಿಳಿಯದಿದ್ದರೆ ಅದು ಆಕೆಯ ತಪ್ಪಲ್ಲ. ಈ ಮಾತನ್ನು ಇವರ ಮುಂದೆ ಸ್ವಲ್ಪ ಗಟ್ಟಿಯಾಗಿಯೇ ಆಡಿದೆ.

ಕಂತಿನ ವಿಷಯವನ್ನು ಇವರು ಹೆಂಡತಿಗೆ ಹೇಳಿದ್ದು ನನ್ನ ಕೋಣೆಯಲ್ಲಿ, ನನ್ನ ಎದುರಿಗೆ. ಆಕೆ ಕೇಳಿದ ಮೊದಲ ಪ್ರಶ್ನೆ, "ಎಷ್ಟು ತಿಂಗಳದ್ದು?" ಎರಡನೆಯದು, "ಪಾಸ್‌ಬುಕ್ ಎಲ್ಲಿಟ್ಟಿದೀರಿ?" ಸಿಟ್ಟು ಆಮೇಲೆ ಬಂತು, ಮನೆಗೆ ಹೋದ ಮೇಲೆ. ಎರಡು ವಾರ ಮಾತಿರಲಿಲ್ಲವಂತೆ.

ಹಣದ ವಿಚಾರದಲ್ಲಿ ನಾನು ಕೊಟ್ಟ ಸಲಹೆ ಹೀಗಿತ್ತು. ನಾನು ವಕೀಲೆಯಲ್ಲ. ಆದರೆ ಸ್ವತಂತ್ರವಾಗಿ ದುಡಿಯುವವರು ನನ್ನಲ್ಲಿಗೆ ಬರುವುದು ಹೆಚ್ಚಾದ ಮೇಲೆ ಇಷ್ಟನ್ನು ತಿಳಿದುಕೊಂಡಿದ್ದೇನೆ, ಖಚಿತಪಡಿಸಿಕೊಳ್ಳಲು ವಕೀಲರೊಬ್ಬರ ಹತ್ತಿರವೂ ಕಳಿಸಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಚಿತ್ರದ ಹಕ್ಕು ಸಾಮಾನ್ಯವಾಗಿ ತೆಗೆದವರದೇ. ಆದರೆ ಹಣ ಕೊಟ್ಟು ಇಂಥದ್ದನ್ನು ತೆಗೆದುಕೊಡಿ ಎಂದು ಯಾರಾದರೂ ಹೇಳಿ ತೆಗೆಸಿದ್ದರೆ, ಬೇರೆ ಒಪ್ಪಂದ ಇಲ್ಲದ ಪಕ್ಷದಲ್ಲಿ, ಮೊದಲ ಹಕ್ಕು ತೆಗೆಸಿದವರಿಗೆ ಹೋಗುತ್ತದೆ. ಕಾಫಿ ಪೊಟ್ಟಣದ ವಿಷಯದಲ್ಲಿ ಇವರ ವಾದಕ್ಕೆ ಬಲ ಇಲ್ಲದಿದ್ದುದು ಇದರಿಂದಲೇ. ವಾಟ್ಸ್‌ಆ್ಯಪ್‌ನಲ್ಲಿ 'ಓಕೆ ಸರ್' ಅಂದರೆ ಸಾಕು ಎಂದು ಇವರು ತಿಳಿದಿದ್ದರು. ಇನ್ನು ಮುಂದೆ ಒಂದು ಪುಟದ ಕಾಗದ ಇರಲಿ: ಚಿತ್ರ ಎಲ್ಲಿ ಬಳಸಬಹುದು, ಎಷ್ಟು ವರ್ಷ, ಮೂರನೆಯವರಿಗೆ ಕೊಡಬಹುದೇ, ಹಕ್ಕು ಯಾರದ್ದು. ಅರ್ಧ ಮುಂಗಡ. ಮಳೆ-ಮೋಡದ ಮೇಲೆ ನಿಂತ ಕೆಲಸವಾದರೆ ಕಾಯುವ ದಿನಕ್ಕೆ ಬೇರೆ ದರ, ಜೊತೆಗೆ ಇಂತಿಷ್ಟು ದಿನ ಮೀರಿದರೆ ಮತ್ತೆ ಮಾತುಕತೆ. ಸಣ್ಣ ಉದ್ಯಮಗಳಿಗಿರುವ ಸರ್ಕಾರದ ಉದ್ಯಮ್ ನೋಂದಣಿ ಉಚಿತ, ಅದನ್ನು ಮಾಡಿಸಿಕೊಳ್ಳಲಿ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ, ಅಂದರೆ ಎಂಎಸ್‌ಎಂಇ ಕಾಯ್ದೆಯಂತೆ ನೋಂದಾಯಿತ ಸಣ್ಣ ಉದ್ಯಮಕ್ಕೆ ಕೊಡಬೇಕಾದ ಹಣವನ್ನು, ಒಪ್ಪಂದದಲ್ಲಿ ಏನೇ ಇದ್ದರೂ, 45 ದಿನ ಮೀರಿ ಎಳೆಯುವಂತಿಲ್ಲ. ಮೀರಿದರೆ ಬಡ್ಡಿ ಕೇಳಬಹುದು.

ಕಾಯುವ ದಿನಕ್ಕೆ ದರ ಎಂದಾಗ ಇವರು ನಕ್ಕರು. ಯಾರು ಕೊಡ್ತಾರೆ ಎಂದರು. ಎಲ್ಲರೂ ಕೊಡುವುದಿಲ್ಲ, ನಿಜ. ಕೊಡದವರ ಕೆಲಸಕ್ಕೆ ಎಷ್ಟು ದಿನ ಹೋಗಬೇಕೆಂಬುದಾದರೂ ಆಗ ಗೊತ್ತಾಗುತ್ತದೆ.

ವರಮಾನಕ್ಕೆ ಮದುವೆ ಫೋಟೊವನ್ನೂ ತೆಗೆಯಬಹುದಲ್ಲ ಎಂಬ ವಿಚಾರಕ್ಕೆ ಹೆಚ್ಚು ಹೊತ್ತು ಹಿಡಿಯಿತು. ಇವರ ತಂದೆ ಪೇಟೆಯಲ್ಲಿ ಸ್ಟುಡಿಯೊ ಇಟ್ಟಿದ್ದವರು. ಹಿಂದೆ ಸೀನರಿ ಪರದೆ ಕಟ್ಟಿ, ಮುಂದೆ ಸ್ಟೂಲ್ ಇಟ್ಟು, ಪಾಸ್‌ಪೋರ್ಟ್ ಸೈಜಿನಲ್ಲಿ ಸಂಸಾರ ನಡೆಸಿದರು. ಮಗ ಅದರಿಂದ ತಪ್ಪಿಸಿಕೊಂಡು ನಿಜವಾದ ಸೀನರಿಯ ಕಡೆ ಹೋದವರು. ಮದುವೆಗೆ ಕ್ಯಾಮೆರಾ ಹಿಡಿಯುವುದೆಂದರೆ ಸೋತು ಹಿಂದಿರುಗಿದಂತೆ ಇವರಿಗೆ. ಅಮೆರಿಕದ ಹೆಸರಾಂತ ನಿಸರ್ಗ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ ಅವರ ಹೆಸರನ್ನು ಮಾತುಮಾತಿಗೆ ತೆಗೆಯುತ್ತಿದ್ದರು. ಆ ಮಹಾನುಭಾವರೂ ದಶಕಗಳ ಕಾಲ ಕಂಪನಿಗಳಿಗೆ ವಾಣಿಜ್ಯ ಕೆಲಸ ಮಾಡಿಕೊಟ್ಟು ಹೊಟ್ಟೆ ಹೊರೆದವರೇ ಎಂದು ನೆನಪಿಸಿದೆ. ಅದರಿಂದ ದೊಡ್ಡ ಪರಿಣಾಮವೇನೂ ಆಗಲಿಲ್ಲ. ದೊಡ್ಡವರ ಉದಾಹರಣೆ ಸಣ್ಣ ಊರಿನ ಮರ್ಯಾದೆಯ ಪ್ರಶ್ನೆಗೆ ಔಷಧಿಯಲ್ಲ.

ಕೆಲಸ ಮಾಡಿದ್ದು ಪಂಚಾಂಗ. ಅದನ್ನು ತೆಗೆದಿದ್ದು ಆಕೆ. ಆಷಾಢದಲ್ಲಿ ಮದುವೆ ಇಲ್ಲ, ಮಳೆ ಜಡಿಯುವುದು ಆಗಲೇ, ಜಲಪಾತಗಳು ತುಂಬುವುದೂ ಆ ಹೊತ್ತಿಗೇ. ಧನುರ್ಮಾಸದಲ್ಲೂ ಮದುವೆ ಇಲ್ಲ, ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯವರೆಗೆ ಕಣಿವೆಯಲ್ಲಿ ಮಂಜು ಕೂರುವ ಕಾಲ ಅದು. "ನೀವು ಬೇಡ ಬೇಡ ಅಂದ್ರೂ ದೇವ್ರೇ ಎರಡು ಪಾಲು ಮಾಡಿಟ್ಟಿದಾನೆ ನೋಡಿ" ಎಂದರು. ಕಾರ್ತಿಕ, ಮಾಘ, ವೈಶಾಖದಲ್ಲಿ ಆಯ್ದ ಕೆಲವು ಮದುವೆ. ಆಷಾಢ, ಧನುರ್ಮಾಸ ಗುಡ್ಡಕ್ಕೆ. ಕಾಫಿ ಹೂವು ಮಾತ್ರ ಯಾವ ಪಾಲಿಗೂ ಸೇರದೆ ಪರೀಕ್ಷೆಯ ಕಾಲಕ್ಕೇ ಬರುತ್ತದೆ. ಆ ವಾರ ಆಕೆಯ ತಾಯಿಯನ್ನು ಕರೆಸಿಕೊಳ್ಳುವುದು ಎಂದಾಯಿತು.

ಮನೆಯ ಮಟ್ಟಿಗೆ ಕೇಳಿದ್ದು ಎರಡೇ. ಹೊರಡುವಾಗಲೇ ಇಳಿಯುವ ಗಡುವು ಹೇಳಿ ಹೊರಡಬೇಕು, ಮೋಡ ಸರಿಯಲಿ ಬಿಡಲಿ. ದಿನಕ್ಕೊಮ್ಮೆ ಸಿಗ್ನಲ್ ಸಿಗುವ ತಿರುವಿನವರೆಗೆ ಇಳಿದು ಬಂದು ಫೋನ್ ಮಾಡಬೇಕು, ಆ ಹೊತ್ತಿಗೆ ಆಕೆ ದೂರು ಹೇಳದೆ ಸುದ್ದಿ ಮಾತ್ರ ಹೇಳಬೇಕು. ಎರಡನೆಯದನ್ನು ಆಕೆ ಪೂರ್ತಿ ಒಪ್ಪಲಿಲ್ಲ. "ದೂರು ಇದ್ದಾಗ ದೂರೇ ಸುದ್ದಿ" ಎಂದರು. ಅದೂ ಸರಿಯೇ. ಒತ್ತಾಯಿಸಲಿಲ್ಲ.

ಇನ್ನೊಂದು ನೋವು ಹಾಗೇ ಉಳಿದಿದೆ, ಅದಕ್ಕೆ ನನ್ನಲ್ಲಿ ಪರಿಹಾರವೂ ಇಲ್ಲ. 2022ರಲ್ಲಿ ಚಿಕ್ಕಮಗಳೂರಿನ ಚಂದ್ರದ್ರೋಣ ಪರ್ವತದಲ್ಲಿ, ಹಲವು ವರ್ಷಗಳಿಗೊಮ್ಮೆ ಮಾತ್ರ ಬಿಡುವ ಕುರಿಂಜಿ ಹೂವು ಅರಳಿದಾಗ ಇವರು ವರ್ಷಗಳಿಂದ ಕಾದಿದ್ದ ಚಿತ್ರವನ್ನು ತೆಗೆದರು. ಅದೇ ವಾರ ಸಾವಿರಾರು ಜನ ಮೊಬೈಲಿನಲ್ಲಿ ಅದನ್ನೇ ತೆಗೆದು ಹಂಚಿದರು. "ನಂದು ಬೇರೆ ಅಂತ ನಂಗೆ ಮಾತ್ರ ಗೊತ್ತು" ಎನ್ನುವಾಗ ಇವರ ಗಂಟಲು ಕಟ್ಟಿತು. ಅಲ್ಲ, ಎಲ್ಲರಿಗೂ ಗೊತ್ತು ಎಂದು ಸುಳ್ಳು ಸಮಾಧಾನ ಹೇಳಲು ನನಗೆ ಮನಸ್ಸಾಗಲಿಲ್ಲ.

ಕ್ಯಾಮೆರಾ ಮಾರುವ ಮಾತು ಈಗ ಅಪರೂಪ. ಒಂದು ಲೆನ್ಸು ಮಾರಿದ್ದಾರೆ, ಆ ಹಣದಲ್ಲಿ ತಪ್ಪಿದ ಕಂತುಗಳು ಹೆಚ್ಚಿನವು ತೀರಿವೆ. ಈಗ ದಿನಕ್ಕೆ ಆರು ತಾಸು ನಿದ್ದೆ ಆಗುತ್ತಿದೆ, ಎಡಿಟಿಂಗ್ ಹಗಲಿಗೆ ಸರಿದಿದೆ. ಕಾರ್ತಿಕಕ್ಕೆ ಎರಡು ಮದುವೆ ಒಪ್ಪಿಕೊಂಡಿದ್ದಾರೆ, ಮುಂಗಡ ಬಂದಿದೆ, ಒಪ್ಪಂದದ ಕಾಗದವನ್ನು ಆಕೆಯೇ ಟೈಪ್ ಮಾಡಿಕೊಟ್ಟರಂತೆ. ರೆಸಾರ್ಟಿನ ಬಾಕಿ ಇನ್ನೂ ಬಂದಿಲ್ಲ. ನೋಟಿಸ್ ಕೊಡಲೇಬೇಕು ಎಂದು ಆಕೆ, ಕೊಟ್ಟರೆ ಆ ಕಡೆಯ ತೋಟಗಳ ಕೆಲಸವೆಲ್ಲ ಕೈತಪ್ಪುತ್ತದೆ ಎಂದು ಇವರು. ಮುಂದಿನ ಭೇಟಿ ದೀಪಾವಳಿ ಕಳೆದ ಮೇಲೆ.