ಕೊನೇಲಿ ಸೇರ್ತಾರೆ ಅಂತ ಗೊತ್ತಿದ್ರೂ ಯಾಕೆ ಓದ್ತೀವಿ?

ಗೆಳೆತನ, ಹೊಸದಾಗಿ ಶುರುವಾಗೋ ಬದುಕು, ಒಂದಿಷ್ಟು ಪ್ರೀತಿ, ಕೊನೆಗೆ ಎಲ್ಲಾ ಒಳ್ಳೇದಾಗೋ ಕಾದಂಬರಿಗಳು ನಂಗಿಷ್ಟ ಅಂತ ಹೋದ ಸಂಚಿಕೇಲಿ ಯಾವುದೋ ಪ್ರಶ್ನೆಗೆ ಉತ್ತರ ಕೊಡ್ತಾ ಸುಮ್ನೆ ಹೇಳಿದ್ದೆ ಅಷ್ಟೇ, ಅದಕ್ಕೆ ಬಂದಿರೋ ಪತ್ರ ನೋಡಿದ್ರೆ ಅರ್ಧ ಕರ್ನಾಟಕ ದಿಂಬಿನ ಕೆಳಗೆ ಇವನ್ನೇ ಇಟ್ಕೊಂಡು ಮಲಗತ್ತೆ ಅನ್ಸತ್ತೆ. ಈ ಸಲ ಬೇರೆ ವಿಷಯ ಬೇಡ, ಇದೇ ಇರ್ಲಿ.

ಪ್ರಶ್ನೆ: ಮೇಡಂ, ನಾನು ಕನ್ನಡ ಎಂ.ಎ. ಮಾಡಿರೋ ಹೈಸ್ಕೂಲ್ ಟೀಚರ್. ಮೊದಲೆಲ್ಲ ಗಂಭೀರವಾದ್ದನ್ನೇ ಓದ್ತಿದ್ದೆ. ಈಗ ಒಂದು ವರ್ಷದಿಂದ ಫೋನಲ್ಲಿ ಬರೀ ಹ್ಯಾಪಿ ಎಂಡಿಂಗ್ ಇರೋ ಲವ್ ಸ್ಟೋರಿಗಳು. ಮನೆಯವ್ರು ‘ಏನೇ ಇದು ಪಿಯುಸಿ ಹುಡುಗಿ ಥರ’ ಅಂತ ರೇಗಿಸ್ತಾರೆ. ನನ್ನ ಟೇಸ್ಟ್ ಹಾಳಾಗ್ತಿದ್ಯಾ? – ಓದುಗಿ, ಹಾಸನ

ಉತ್ತರ: ಟೇಸ್ಟು ಅಷ್ಟು ಸುಲಭಕ್ಕೆ ಹಾಳಾಗಲ್ಲ. ನಮ್ಮಲ್ಲಿ ಒಂದು ಹಳೇ ನಂಬಿಕೆ ಇದೆ ನೋಡಿ, ಕೊನೆಗೆ ಯಾರಾದ್ರೂ ಸತ್ರೆ ಅಥವಾ ಹುಚ್ಚು ಹಿಡಿದ್ರೆ ಅದು ಸಾಹಿತ್ಯ, ಮದುವೆ ಆದ್ರೆ ಟೈಂಪಾಸು. ಹೆಂಗಸರು ಬರೆದ ಕಾದಂಬರಿಗಳಿಗೆ ‘ಅಡುಗೆಮನೆ ಸಾಹಿತ್ಯ’ ಅಂತ ಹೆಸರಿಟ್ಟಿದ್ದೂ ಇಂಥಾ ಬುದ್ಧಿನೇ. ಆದ್ರೆ ವಾರಪತ್ರಿಕೇಲಿ ಬಂದ ಅದೇ ಧಾರಾವಾಹಿಗಳ ಪುಟ ಕಿತ್ತು, ದಾರ ಹಾಕಿ ಹೊಲಿದು, ರಟ್ಟು ಅಂಟಿಸಿ ಓಣಿ ತುಂಬಾ ಓದಿಸ್ತಿದ್ರು, ಪುಸ್ತಕ ಬಾಡಿಗೆಗೆ ಕೊಡೋ ಸರ್ಕ್ಯುಲೇಟಿಂಗ್ ಲೈಬ್ರರಿಗಳು ಅಂಗಡಿ ಬಾಡಿಗೆ ಕಟ್ಟಿದ್ದೇ ಅಂಥಾ ಪುಸ್ತಕಗಳಿಂದ. ಕಾದಂಬರಿಗಾರ್ತಿ ತ್ರಿವೇಣಿ ಅವರನ್ನೇ ತಗೊಳ್ಳಿ, ಸೈಕಾಲಜಿ ಓದಿದ್ದೋರು, 1963ರಲ್ಲಿ ತೀರ್ಕೊಂಡಾಗ ವಯಸ್ಸು 35 ಕೂಡ ತುಂಬಿರ್ಲಿಲ್ಲ, ‘ಹಣ್ಣೆಲೆ ಚಿಗುರಿದಾಗ’ದಲ್ಲಿ ಅವರು ಕೈಗೆತ್ಕೊಂಡಿದ್ದು ವಿಧವೆಯ ಮರುಮದುವೆ ವಿಷಯನ. 1968ರಲ್ಲಿ ರಾಜ್‌ಕುಮಾರ್, ಕಲ್ಪನಾ ಇದ್ದ ಸಿನಿಮಾನೂ ಆಯ್ತು ಅದು. ಹೆಣ್ಣಿಗೆ ಇನ್ನೊಂದು ಸಲ ಬದುಕು ಶುರು ಮಾಡೋ ಹಕ್ಕಿದ್ಯಾ ಅಂತ ಕೇಳೋದು ಟೈಂಪಾಸ್ ವಿಷಯ ಅಂತ ಯಾರಾದ್ರೂ ಅಂದ್ರೆ ಅವ್ರ ಹತ್ರ ನಂಗೆ ಮಾತಿಲ್ಲ.

ಇನ್ನು ಸುಖಾಂತ ಬರೆಯೋದು ಸಲೀಸು ಅಂದ್ಕೊಂಡಿರೋರಿಗೆ ನಾನು ಯಾವಾಗ್ಲೂ ಇಂಗ್ಲೆಂಡಿನ ಕಾದಂಬರಿಗಾರ್ತಿ ಜೇನ್ ಆಸ್ಟೆನ್ ಉದಾಹರಣೆ ಕೊಡ್ತೀನಿ. ಅವರು ಕೊನೆಗೆ ಬರೆದು ಮುಗಿಸಿದ ಕಾದಂಬರಿ ‘ಪರ್ಸುವೇಷನ್’. ಆನ್ ಅಂತ ಹುಡುಗಿ, 19ನೇ ವಯಸ್ಸಲ್ಲಿ ದೊಡ್ಡೋರ ಮಾತು ಕೇಳಿ ‘ಇವನಿಗೆ ಆಸ್ತಿಪಾಸ್ತಿ ಇಲ್ಲ’ ಅಂತ ಪ್ರೀತಿಸಿದೋನನ್ನ ಬಿಟ್ಟಿರ್ತಾಳೆ, ಈಗ 27, ಆ ಕಾಲಕ್ಕೆ ಮದುವೆ ವಯಸ್ಸು ದಾಟಿದ ಲೆಕ್ಕ, ಅವನೋ ನೌಕಾಪಡೇಲಿ ಕ್ಯಾಪ್ಟನ್ ಆಗಿ ದುಡ್ಡು ಮಾಡ್ಕೊಂಡು ವಾಪಸ್ ಬರ್ತಾನೆ, ಬಂದು ಇವಳನ್ನ ಬಿಟ್ಟು ಊರಿನ ಬೇರೆ ಹುಡುಗೀರ ಜೊತೆ ನಗ್ತಾ ಓಡಾಡ್ತಾನೆ. 1816ರ ಜುಲೈನಲ್ಲಿ ಆಸ್ಟೆನ್ ಇದನ್ನ ಮುಗಿಸಿದ್ರು, ಇಬ್ರನ್ನೂ ಒಂದು ರೂಮಲ್ಲಿ ಕೂರಿಸಿ ರಾಜಿ ಮಾಡ್ಸಿ ಆಗಿತ್ತು. ಆದ್ರೆ ಮನಸ್ಸಿಗೆ ಒಪ್ಪಲಿಲ್ಲ. ಆಗ್ಲೇ ಆರೋಗ್ಯ ಕೆಡೋಕೆ ಶುರುವಾಗಿತ್ತು, ಅಂಥದ್ರಲ್ಲೂ ಕೂತು ಕೊನೇ ಭಾಗ ಬದಲಾಯಿಸಿ ಬರೆದ್ರು. ಹೊಸದ್ರಲ್ಲಿ ಆನ್ ಇನ್ನೊಬ್ರ ಹತ್ರ ‘ಆಸೆ ಸತ್ತ ಮೇಲೂ ಹೆಂಗಸರು ಪ್ರೀತಿಸ್ತಾನೇ ಇರ್ತಾರೆ’ ಅಂತ ವಾದ ಮಾಡ್ತಿರ್ತಾಳೆ, ಅದೇ ರೂಮಲ್ಲಿ ಪತ್ರ ಬರೀತಾ ಕೂತಿರೋ ಅವನ ಕಿವಿಗೆ ಅದು ಬೀಳತ್ತೆ, ತಡ್ಕೊಳ್ಳೋಕಾಗ್ದೆ ಅಲ್ಲೇ ಇನ್ನೊಂದು ಪತ್ರ ಬರೆದು ಅವಳ ಮುಂದಿಟ್ಟು ಹೋಗ್ತಾನೆ. ಹಳೇ ಕೊನೆಯ ಹಸ್ತಪ್ರತಿ ಬ್ರಿಟಿಷ್ ಲೈಬ್ರರಿಯಲ್ಲಿ ಇವತ್ತಿಗೂ ಇದೆ. ಪುಸ್ತಕ ಅಚ್ಚಾಗಿ ಬರೋ ಹೊತ್ತಿಗೆ, 1817ರ ಡಿಸೆಂಬರ್‌ನಲ್ಲಿ, ಆಸ್ಟೆನ್ ಇರ್ಲಿಲ್ಲ. ಎರಡೂ ಕೊನೇಲೂ ಅವರಿಬ್ರೂ ಸೇರ್ತಾರೆ ಮೇಡಂ, ಆದ್ರೂ ಒಂದು ಸಪ್ಪೆ, ಇನ್ನೊಂದನ್ನ ಓದ್ತಾ ಎದೆ ಡವಡವ ಅನ್ನತ್ತೆ. ನಿಮ್ಮ ಮನೆಯವ್ರಿಗೆ ಇದನ್ನ ಓದಿ ಹೇಳಿ, ಆಮೇಲೂ ರೇಗಿಸಿದ್ರೆ ಆ ದಿನದ ಕಾಫಿ ಅವರೇ ಮಾಡ್ಕೊಳ್ಳಿ.

ಪ್ರಶ್ನೆ: ಅಕ್ಕನ ಜೊತೆ ಕೂತು ಇಂಥವು ಒಂದೆರಡು ಓದಿದೆ. ಎಲ್ಲಾ ಒಂದೇ ಅಲ್ವಾ? ಮೊದಲನೇ ಪುಟದಲ್ಲೇ ಕೊನೆ ಗೊತ್ತಾಗತ್ತೆ. ಗೊತ್ತಿದ್ದೂ ಓದೋದ್ರಲ್ಲಿ ಏನು ಮಜಾ? – ಇಂಜಿನಿಯರಿಂಗ್ ವಿದ್ಯಾರ್ಥಿ, ಮೈಸೂರು

ಉತ್ತರ: ಕೊನೆ ಗೊತ್ತಿಲ್ದೆ ಯಕ್ಷಗಾನಕ್ಕೆ ಹೋಗಿ ಕೂರೋರು ಯಾರಪ್ಪಾ? ಕೀಚಕ ಸಾಯ್ತಾನೆ ಅಂತ ಊರಿಗೆಲ್ಲಾ ಗೊತ್ತು, ಆದ್ರೂ ಬೆಳಗಿನ ಜಾವದ ತನಕ ಚಳೀಲಿ ಕೂರ್ತಾರೆ, ಈ ಸಲದ ಕೀಚಕ ಹೆಂಗೆ ಮಾಡ್ತಾನೆ ಅಂತ ನೋಡೋಕೆ. ಅಮೆರಿಕದ ರೊಮ್ಯಾನ್ಸ್ ಬರಹಗಾರರ ಸಂಘದವರು ಇದನ್ನ ಮುಚ್ಚುಮರೆ ಇಲ್ದೆ ಹೇಳ್ಕೊಂಡಿದ್ದಾರೆ, ಕಥೆಯ ನಡುವಲ್ಲಿ ಒಂದು ಪ್ರೇಮ ಇರ್ಬೇಕು, ಕೊನೆ ಮನಸ್ಸಿಗೆ ತೃಪ್ತಿ ಕೊಡೋ ಹಂಗೆ, ಭರವಸೆ ಇಟ್ಕೊಂಡಿರೋ ಹಂಗೆ ಇರ್ಬೇಕು, ಇವೆರಡಿದ್ರೆ ಅದು ರೊಮ್ಯಾನ್ಸ್ ಕಾದಂಬರಿ. ಅಂದ್ರೆ ಕೊನೆ ಏನು ಅನ್ನೋದನ್ನ ಓದುಗರಿಗೆ ಮೊದ್ಲೇ ಹೇಳಿರ್ತಾರೆ, ಹೆಂಗೆ ಅನ್ನೋದಷ್ಟೇ ಉಳಿದಿರೋದು, ಬರೆಯೋರ ತಾಕತ್ತೆಲ್ಲಾ ಅಲ್ಲೇ ಗೊತ್ತಾಗೋದು.

ಹಂಗಂತ ಎಲ್ಲಾ ಚೆನ್ನಾಗಿರತ್ತೆ ಅಂತ ನಾನೇನು ಹೇಳ್ತಿಲ್ಲ. ಇಂಗ್ಲಿಷಿನ ಫೀಲ್‌ಗುಡ್ ಪುಸ್ತಕಗಳಲ್ಲಿ ಲಂಡನ್ನಲ್ಲಿ ಕೆಲಸ ಕಳ್ಕೊಂಡು, ಬಾಯ್‌ಫ್ರೆಂಡ್ ಕೈಕೊಟ್ಟೋಳಿಗೆಲ್ಲಾ ಸಮುದ್ರದ ಪಕ್ಕ ಯಾರೋ ಒಬ್ಬ ಅತ್ತೆ ಬೇಕರಿ ಬಿಟ್ಟು ಸತ್ತಿರ್ತಾಳೆ. ನಮ್ಮ ಕಡೆ ಅತ್ತೆ ಏನಾದ್ರೂ ಬಿಟ್ಟುಹೋದ್ರೆ ಹದಿನೈದು ವರ್ಷ ಪಾರ್ಟಿಷನ್ ಸೂಟು ನಡಿಯತ್ತೆ, ಮಫಿನ್ ಮಾಡೋಕೆ ಪುರುಸೊತ್ತೆಲ್ಲಿ! ಅದನ್ನಾದ್ರೂ ನಕ್ಕು ಓದಬಹುದು. ನಾನು ಅರ್ಧಕ್ಕೆ ಬಿಡೋದು ಬೇರೆ ಥರದ್ದನ್ನ: ಆ್ಯಪ್‌ಗಳಲ್ಲಿ ಕೋಟ್ಯಧಿಪತಿ ಸಿಇಒ ಬಲವಂತಕ್ಕೆ ತಾಳಿ ಕಟ್ಟಿ, ಕೆನ್ನೆಗೆ ಹೊಡೆದು, ನೂರು ಕಂತು ಆದ್ಮೇಲೆ ‘ಅದೆಲ್ಲಾ ಪ್ರೀತಿಯಿಂದ’ ಅಂತಾನಲ್ಲ, ಅದು. ಅದ್ರಲ್ಲಿ ಹೊಸ ಬದುಕೂ ಇಲ್ಲ, ಗೆಳೆತನಾನೂ ಇಲ್ಲ.

ಪ್ರಶ್ನೆ: ಅಕ್ಕಾರ, ನನಗ ಡಿವೋರ್ಸ್ ಆಗಿ ಎರಡು ವರ್ಷ ಆತು. ಇಂಥಾ ಕಾದಂಬರಿ ಓದೂ ಮುಂದ ಭಾಳ ಸಮಾಧಾನ ಅನ್ನಸ್ತದ, ಪುಸ್ತಕ ಮುಚ್ಚಿದ ಕೂಡ್ಲೆ ‘ನನಗ ಯಾಕ ಹಿಂಗ ಆಗಲಿಲ್ಲ’ ಅಂತ ಅಳು ಬರ್ತದ. ಓದೂದು ಬಿಡಬೇಕೇನ್ರಿ? – ಹೆಸರು ಬ್ಯಾಡ, ಧಾರವಾಡ

ಉತ್ತರ: ಬಿಡಬೇಡ ತಂಗಿ, ಆದ್ರೆ ಆರಿಸಿ ಓದು. ಹೀರೋ ಬಂದ ಮೇಲೆ ಹೊಸ ಬದುಕು ಶುರುವಾಗೋ ಕಥೆಗಳನ್ನ ಸದ್ಯಕ್ಕೆ ಪಕ್ಕಕ್ಕಿಡು. ಅವನು ಬರೋ ಮುಂಚೆನೇ ಅವಳಿಗೊಂದು ಕೆಲಸ, ಒಂದು ಬಾಡಿಗೆ ಮನೆ, ಮುಖ್ಯವಾಗಿ ಒಬ್ಬ ಗೆಳತಿ ಸಿಗ್ತಾಳಲ್ಲ, ಅಂಥವನ್ನ ಹುಡುಕು. ಮೇಲೆ ಹೇಳಿದ ಆಸ್ಟೆನ್ ಕಾದಂಬರೀಲೇ ಮಿಸೆಸ್ ಸ್ಮಿತ್ ಅಂತ ಬರ್ತಾಳೆ, ಆನ್‌ಗೆ ಸ್ಕೂಲಿನ ಕಾಲದ ಗೆಳತಿ, ಗಂಡ ತೀರ್ಕೊಂಡಿದಾನೆ, ದುಡ್ಡಿಲ್ಲ, ಕಾಲು ಸ್ವಾಧೀನ ಇಲ್ಲ, ಆದ್ರೂ ಹಾಸಿಗೆ ಪಕ್ಕ ಕೂತು ಹೆಣಿಗೆ ಹಾಕ್ತಾ ಊರ ಸುದ್ದಿ ಎಲ್ಲಾ ತಿಳ್ಕೊಂಡು ನಗ್ತಾ ಇರ್ತಾಳೆ. ಒಂದಿನ ಸಂಜೆ ಶ್ರೀಮಂತ ನೆಂಟರ ಮನೆಗೆ ಎಲ್ರೂ ಹೊರಟಾಗ ಆನ್ ‘ನಾನು ಗೆಳತಿ ಮನೆಗೆ ಹೋಗ್ಬೇಕು’ ಅಂತಾಳೆ, ಅಪ್ಪ ‘ಯಾರೋ ಮಿಸೆಸ್ ಸ್ಮಿತ್ ಅಂತೆ’ ಅಂತ ಮೂಗು ಮುರೀತಾನೆ, ಇವಳು ಹೋಗೇ ಹೋಗ್ತಾಳೆ. ಹಿಂದೆ ದೊಡ್ಡೋರ ಮಾತಿಗೆ ತಲೆಯಾಡಿಸಿ ಎಂಟು ವರ್ಷ ಕಳ್ಕೊಂಡೋಳು ಈಗ ತನಗೆ ಯಾರು ಬೇಕು ಅಂತ ತಾನೇ ತೀರ್ಮಾನ ಮಾಡ್ತಾಳೆ. ಅವಳ ಹೊಸ ಬದುಕು ಅಲ್ಲಿಂದ್ಲೇ ಶುರು ಅಂತ ನನ್ನ ಲೆಕ್ಕ, ಕ್ಯಾಪ್ಟನ್ ಪತ್ರ ಬರೆಯೋದು ಎಷ್ಟೋ ಆದ್ಮೇಲೆ.

ನಿನಗೂ ಅಂಥ ಗೆಳತಿ ಒಬ್ಳು ಇದ್ರೆ ಪುಸ್ತಕ ಮುಗಿದ ಕೂಡ್ಲೆ ಫೋನ್ ಮಾಡು, ಕಥೆ ಬಗ್ಗೆನೇ ಮಾತಾಡು, ನಿನ್ನ ವಿಷಯ ಬಂದಾಗ ಬರತ್ತೆ. ರಾತ್ರಿ ಹೊತ್ತು ಒಬ್ಳೇ ಓದಿ ಮುಗಿಸ್ಬೇಡ. ಅಳು ನಿಲ್ತಾನೇ ಇಲ್ಲ, ನಿದ್ದೆ ಊಟ ಸೇರ್ತಿಲ್ಲ ಅನ್ನೋ ಹಂಗಿದ್ರೆ ಅದು ಪುಸ್ತಕದ ತಪ್ಪಲ್ಲ, 14416ಗೆ ಫೋನ್ ಮಾಡು, ಅದು ಸರ್ಕಾರದ ಟೆಲಿ ಮಾನಸ್, ಮನಸ್ಸಿನ ಆರೋಗ್ಯದ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ.

ಪ್ರಶ್ನೆ: ನಾನು ರಿಟೈರ್ ಆದ ಮೇಷ್ಟ್ರು. ಸೊಸೆ ತರಿಸೋ ಈ ಪುಸ್ತಕಗಳನ್ನ ಅವಳು ಆಫೀಸಿಗೆ ಹೋದಾಗ ಓದಿ ಅದೇ ಜಾಗದಲ್ಲಿ ಇಡ್ತೀನಿ. ಗಂಡಸರು ಇವನ್ನ ಓದೋದು ಸರೀನಾ? – ಶಿವಮೊಗ್ಗ

ಉತ್ತರ: ಅಯ್ಯೋ ಸಾರ್, ಧಾರಾವಾಹಿ ಬರ್ತಿದ್ದ ಕಾಲದಲ್ಲಿ ಪತ್ರಿಕೆ ಬಂದ ದಿನ ‘ಮೊದಲು ನಂಗೆ’ ಅಂತ ಎಷ್ಟು ಮನೇಲಿ ಗಂಡ ಹೆಂಡತಿ ಜಗಳ ಆಗಿಲ್ಲ? ನಿಮ್ಮ ಸೊಸೆಗೆ ಈ ವಿಷಯ ಯಾವಾಗ್ಲೋ ಗೊತ್ತಾಗಿರತ್ತೆ, ನೀವು ಬುಕ್‌ಮಾರ್ಕ್ ಎಲ್ಲಿಟ್ರಿ ಅಂತ ಅವಳು ನೋಡ್ದೇ ಇರ್ತಾಳಾ. ಮುಂದಿನ ಪುಸ್ತಕದ ದುಡ್ಡು ನೀವು ಕೊಡಿ.

ಪ್ರಶ್ನೆ: ನಂಗೆ 46. ಮಗಳು ಹಾಸ್ಟೆಲ್ ಸೇರಿದ್ಮೇಲೆ ಟೈಂ ಸಿಗ್ತಿದೆ, ಇಬ್ರು ಗೆಳತೀರ ಕಥೆ ಒಂದು ತಲೇಲಿದೆ, ಅದ್ರಲ್ಲಿ ಒಬ್ಳಿಗೆ ಮತ್ತೆ ಮದುವೆ ಆಗತ್ತೆ. ಬರೆಯೋಕೆ ತಡ ಆಯ್ತಾ? – ಓದುಗಿ, ತುಮಕೂರು

ಉತ್ತರ: ಎಂ.ಕೆ. ಇಂದಿರಾ ಹುಟ್ಟಿದ್ದು 1917, ಮೊದಲ ಕಾದಂಬರಿ ‘ತುಂಗಭದ್ರ’ ಬಂದಿದ್ದು 1963. ಲೆಕ್ಕ ನೀವೇ ಹಾಕಿ, ಸರಿಸುಮಾರು ನಿಮ್ಮ ವಯಸ್ಸೇ ಬರತ್ತೆ. ಸ್ಕೂಲಲ್ಲಿ ಹೆಚ್ಚೇನೂ ಓದಿರ್ಲಿಲ್ಲ, ಆಮೇಲೆ ಅವರು ಎಷ್ಟು ಬರೆದ್ರು ಅಂತ ಕನ್ನಡದ ಓದುಗರಿಗೆ ಹೇಳ್ಬೇಕಿಲ್ಲ.

ಬರೆಯೋವಾಗ ಒಂದು ನೋಡ್ಕೊಳ್ಳಿ, ಮದುವೆ ಆಗದೇ ಇರೋ ಆ ಎರಡನೇ ಗೆಳತಿ ಬರೀ ಫೋನ್ ಎತ್ತಿ ಸಮಾಧಾನ ಹೇಳೋಕೆ ಇರೋಳಾಗ್ಬಾರ್ದು, ಅವಳಿಗೂ ಅವಳದೇ ಸಾಲ, ಹುಷಾರಿಲ್ಲದ ಅಮ್ಮ, ಒಂದಿಷ್ಟು ಹೊಟ್ಟೆಕಿಚ್ಚು ಇರ್ಲಿ, ಗೆಳತಿ ಮತ್ತೆ ಮದುವೆ ಆಗ್ತಾಳೆ ಅಂದ್ರೆ ಇವಳಿಗೆ ಒಳಗೆ ಏನಾಗತ್ತೆ ಅನ್ನೋದನ್ನ ಬಿಟ್ಟುಬಿಡ್ಬೇಡಿ, ನಿಮ್ಮ ಕಥೆ ಎದ್ದು ನಿಲ್ಲೋದೇ ಅಲ್ಲಿ. ಜೊತೆಗೆ ದುಡ್ಡಿನ ಲೆಕ್ಕ ಬರೀರಿ, ಬಾಡಿಗೆ ಮನೆಗೆ ಅಡ್ವಾನ್ಸ್ ಎಷ್ಟು ಕೊಟ್ಲು, ಅದನ್ನ ಎಲ್ಲಿಂದ ತಂದ್ಲು, ಯಾವ ಬಳೆ ಅಡ ಇಟ್ಲು ಅಂತ, ಇಲ್ಲಾಂದ್ರೆ ಹೊಸ ಬದುಕು ಅನ್ನೋದು ಬರೀ ಹೇರ್‌ಕಟ್ ಆಗೋಗತ್ತೆ. ಪ್ರತಿಲಿಪಿ ಥರದ ಆ್ಯಪಲ್ಲಿ ದುಡ್ಡು ಕೊಡ್ದೆ ಪ್ರಕಟಿಸಬಹುದು, ಆದ್ರೆ ಒಂದೈದಾರು ಕಂತು ಕೈಯಲ್ಲಿಟ್ಕೊಂಡು ಆಮೇಲೆ ಮೊದಲನೇದನ್ನ ಹಾಕಿ. ‘ಬೇಗ ಮದುವೆ ಮಾಡ್ಸಿ ಮೇಡಂ’ ಅಂತ ಕಾಮೆಂಟು ಬಂದೇ ಬರತ್ತೆ, ಅದನ್ನ ನೋಡಿ ಕಥೆ ತಿರುಗಿಸೋಕೆ ಹೋಗ್ಬೇಡಿ.