ಲೋಕ ಕಟ್ಟುವವರೇ, ನೀರು ಎಲ್ಲಿಂದ ತರುತ್ತೀರಿ?

ಪ್ರಶ್ನೆ: ಟೀಚರ್, ನಾನು ಎಂ.ಎ. ವಿದ್ಯಾರ್ಥಿನಿ. ಒಂದು ಫ್ಯಾಂಟಸಿ ಕಾದಂಬರಿಗಾಗಿ ಮೂರು ವರ್ಷದಿಂದ ಲೋಕ ಕಟ್ಟುತ್ತಿದ್ದೇನೆ. ನಕ್ಷೆ, ರಾಜವಂಶ, ದೇವರುಗಳು ಎಲ್ಲ ಸೇರಿ ನಾಲ್ಕು ನೋಟುಪುಸ್ತಕ ತುಂಬಿದೆ. ಕತೆಯ ಮೊದಲ ಅಧ್ಯಾಯ ಮಾತ್ರ ಹುಟ್ಟಿಲ್ಲ. ಲೋಕ ಕಟ್ಟುವುದನ್ನು ಕಲಿಸುವ ಇಂಗ್ಲಿಷ್ ಕೈಪಿಡಿಗಳಿವೆಯಂತೆ. ಯಾವುದನ್ನು ಕೊಳ್ಳಲಿ?
– ಓದುಗಿ, ಪೆರ್ಲ

ಉತ್ತರ: ಪತ್ರದ ಜತೆ ಕಳಿಸಿದ ನಕ್ಷೆಯನ್ನು ಮೇಜಿನ ಮೇಲೆ ಹರಡಿಕೊಂಡು ನೋಡಿದೆ. ಕೈ ಚೆನ್ನಾಗಿದೆ. ಉತ್ತರಕ್ಕೆ ಹಿಮದ ಬೆಟ್ಟ, ನಡುವೆ ಗುಡ್ಡೆಯ ನೆತ್ತಿಯಲ್ಲಿ ಕೋಟೆ, ಕೋಟೆಯೊಳಗೆ ಹತ್ತು ಸಾವಿರ ಜನ ಎಂದು ಬರೆದಿದ್ದೀರಿ. ಹೊಳೆ ಇರುವುದು ನಾಲ್ಕು ಬೆರಳು ಆಚೆ, ಕೆಳಗೆ. ಅಷ್ಟು ಜನ ಬೆಳಗ್ಗೆ ಎದ್ದು ಮುಖ ತೊಳೆಯುವುದು ಯಾವ ನೀರಿನಲ್ಲಿ?

ನಮ್ಮ ಕಾಸರಗೋಡಿನ ಕಡೆಯ ಪೆರ್ಲದವರಾದ ನಿಮಗೆ ಈ ಪ್ರಶ್ನೆ ಕೇಳುವ ಹಕ್ಕು ನನಗಿದೆ ಅಂದುಕೊಂಡಿದ್ದೇನೆ. ನಮ್ಮ ತೋಟದ ಮೇಲೆ ನೀರಿಗಾಗಿ ತೋಡಿದ ಸುರಂಗವನ್ನು ಇನ್ನಷ್ಟು ಒಳಕ್ಕೆ ಕೊರೆಸುವಾಗ ನನಗೆ ಒಂಬತ್ತು ವರ್ಷ. ಮುರಕಲ್ಲಿನ ಗುಡ್ಡೆಗೆ ಅಡ್ಡಡ್ಡ ಕೊರೆದ ದಾರಿ, ಒಬ್ಬ ಮನುಷ್ಯ ನುಸಿಯುವಷ್ಟೇ ಅಗಲ. ಒಳಗಿನಿಂದ ಪಿಕ್ಕಾಸಿನ ಸದ್ದು, ಹೊರಗೆ ಹೆಡಿಗೆಯಲ್ಲಿ ಕೆಂಪು ಮಣ್ಣು. ಕೊರೆಯುವವರು ಮೋಂಬತ್ತಿ ಹಚ್ಚಿ ಪಕ್ಕದಲ್ಲಿ ಇಟ್ಟುಕೊಳ್ಳುತ್ತಿದ್ದರು. ಅದು ಬೆಳಕಿಗೆ ಮಾತ್ರ ಅಲ್ಲ. ಬತ್ತಿ ಕುಗ್ಗತೊಡಗಿದರೆ ಗಾಳಿ ಸಾಲದು ಎಂದು ಅರ್ಥ, ಕೂಡಲೇ ಹೊರಗೆ ಬರಬೇಕು. ಒಂದು ದಿನ ಗೋಡೆ ಬೆವರಿತು. ಮರುದಿನ ಬೆರಳು ಗಾತ್ರದ ನೀರು. ಅದಕ್ಕೆ ಅಡಿಕೆ ಮರದ ದಂಬೆ ಇಟ್ಟು ಕೆರೆಗೆ ಬಿಟ್ಟರು. ಪಂಪಿಲ್ಲ, ಕರೆಂಟಿಲ್ಲ, ಇಳಿಜಾರು ಸಾಕು.

ಇದರಿಂದ ಏನೇನು ಹುಟ್ಟುತ್ತದೆ ನೋಡಿ. ಗುಡ್ಡೆಯ ಯಾವ ಮರದ ಕೆಳಗೆ ನೀರಿದೆ ಎಂದು ಬಲ್ಲವನಿಗೆ ಊರಲ್ಲಿ ಗೌರವ. ಮೇಲಿನವನು ಸುರಂಗ ಉದ್ದ ಮಾಡಿದರೆ ಕೆಳಗಿನವನ ನೀರು ಬತ್ತೀತು ಎಂಬ ಜಗಳ. ಪಾಲಾಗುವಾಗ ಅಣ್ಣತಮ್ಮಂದಿರ ನಡುವೆ ವಾರಕ್ಕೆ ಇಷ್ಟು ದಿನದ ನೀರು ಎಂಬ ಕರಾರು. ಕಾನೂನು, ನಂಟು, ಹಗೆ ಎಲ್ಲ ಆ ಬೆರಳು ಗಾತ್ರದ ನೀರಿನಿಂದಲೇ ಬಂತು. ನಿಮ್ಮ ಲೋಕದಲ್ಲಿ ಹೊಸದು ಒಂದೇ ಒಂದು ಸಂಗತಿ ಇರಲಿ. ಅದು ಅಡುಗೆಮನೆಗೂ ಪಂಚಾಯತಿಗೂ ಏನು ಮಾಡುತ್ತದೆ ಎಂದು ಬೆನ್ನು ಹತ್ತಿ ಹೋಗಿ. ರಾಜವಂಶದ ಪಟ್ಟಿ ಆಮೇಲೆ.

ಈಗ ಕೈಪಿಡಿಗಳ ಮಾತು. ಒಂದೇ ಕೊಳ್ಳುವುದಾದರೆ ಆರ್ಸನ್ ಸ್ಕಾಟ್ ಕಾರ್ಡ್ 1990ರಲ್ಲಿ ತಂದ 'ಹೌ ಟು ರೈಟ್ ಸೈನ್ಸ್ ಫಿಕ್ಷನ್ ಅಂಡ್ ಫ್ಯಾಂಟಸಿ' ಕೊಳ್ಳಿ. ಮರುವರ್ಷ ಅದಕ್ಕೆ ಈ ಬಗೆಯ ಬರವಣಿಗೆಗೆ ಕೊಡುವ ಹ್ಯೂಗೊ ಪ್ರಶಸ್ತಿ ಬಂತು. ಮಂತ್ರಕ್ಕೆ ಬೆಲೆ ಇರಬೇಕು, ಮಾಡಿದವನು ಏನನ್ನಾದರೂ ತೆರಬೇಕು ಎಂದು ಅವರು ಹೇಳುವ ಭಾಗವನ್ನು ಎರಡು ಸಲ ಓದಿ. ನಿಮ್ಮ ಮಾಂತ್ರಿಕ ಪುಕ್ಕಟೆ ಮಳೆ ತರಿಸುತ್ತಾನೆ, ಹಾಗಾಗಿಯೇ ಅಲ್ಲಿ ಕತೆ ಹುಟ್ಟುತ್ತಿಲ್ಲ. ಡಯಾನಾ ವಿನ್ ಜೋನ್ಸ್ 1996ರಲ್ಲಿ ಬರೆದ 'ದ ಟಫ್ ಗೈಡ್ ಟು ಫ್ಯಾಂಟಸಿಲ್ಯಾಂಡ್' ಕೈಪಿಡಿಯಲ್ಲ, ಸವೆದುಹೋದ ಫ್ಯಾಂಟಸಿಗಳನ್ನು ಅಣಕಿಸುವ ಪ್ರವಾಸಿ ನಿಘಂಟು. ಆ ಲೋಕದ ಪ್ರಯಾಣಿಕರು ಎಲ್ಲಿ ತಂಗಿದರೂ ಸ್ಟ್ಯೂ ಉಣ್ಣುತ್ತಾರೆ, ಅವರ ಕುದುರೆಗಳಿಗೆ ದಣಿವೆಂಬುದಿಲ್ಲ. ಅದನ್ನು ಓದಿದ ಮೇಲೆ ನಿಮ್ಮ ಹಿಮದ ಬೆಟ್ಟ ಬೇಕೋ ಬೇಡವೋ ನೀವೇ ತೀರ್ಮಾನಿಸಿ. ನನ್ನನ್ನು ಕೇಳಿದರೆ ಬೇಡ. ಆಟಿ ತಿಂಗಳ ಮಳೆಯನ್ನು ಬಲ್ಲ ಕೈ ಹಿಮವನ್ನು ಯಾಕೆ ಕಡ ತರಬೇಕು?

ನಾಲ್ಕು ನೋಟುಪುಸ್ತಕವನ್ನು ಕತೆಯೊಳಗೆ ತರುವುದು ಹೇಗೆ ಎಂದರೆ, ಒಂದು ರಾತ್ರಿ ತಾಳಮದ್ದಲೆಗೆ ಹೋಗಿ ಕೂರಿ. ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ ಅದು; ವೇಷವಿಲ್ಲ, ಕಿರೀಟವಿಲ್ಲ. ಬಾಣ ತಾಗಿ ಬಿದ್ದ ವಾಲಿ ರಾಮನನ್ನು ಕೇಳುತ್ತಾನೆ: ನಿನಗೂ ನನಗೂ ಏನು ಹಗೆ, ಮರೆಯಲ್ಲಿ ನಿಂತು ಹೊಡೆದೆಯಲ್ಲ? ಕಿಷ್ಕಿಂಧೆ ಎಲ್ಲಿದೆ, ಹೇಗಿದೆ ಎಂದು ಯಾರೂ ವರದಿ ಒಪ್ಪಿಸುವುದಿಲ್ಲ. ಆ ಜಗಳದೊಳಗಿಂದಲೇ ಕಾಡಿನ ನ್ಯಾಯ, ಊರಿನ ನ್ಯಾಯ, ತಮ್ಮನ ಹೆಂಡತಿಯ ವಿಚಾರ ಎಲ್ಲ ಹೊರಬೀಳುತ್ತದೆ. ನಿಮ್ಮ ಮೊದಲ ಅಧ್ಯಾಯವೂ ಒಂದು ಜಗಳವಾಗಲಿ, ನೀರಿನದ್ದೇ ಆಗಲಿ. ಎರಡು ಪುಟ ಬರೆದು ನನಗೆ ಕಳಿಸಿ.

ಪ್ರಶ್ನೆ: ನನ್ನ ಕಲ್ಪನೆಯ ಜನಾಂಗಕ್ಕೆ ಒಂದು ಭಾಷೆ ಬೇಕು. ಪೂರ್ತಿ ವ್ಯಾಕರಣವನ್ನೇ ಬರೆಯಬೇಕೇ?
– ಓದುಗ, ಮಂಜೇಶ್ವರ

ಉತ್ತರ: ಬೇಡ. ಮೊದಲು ಧ್ವನಿಗಳನ್ನು ಆರಿಸಿ, ಆ ಜನರ ಬಾಯಲ್ಲಿ ಯಾವ ಅಕ್ಷರ ಇಲ್ಲ ಎಂದು ಗೊತ್ತುಮಾಡಿ. ಅಷ್ಟು ಮಾಡಿದರೆ ಹೆಸರುಗಳೆಲ್ಲ ಒಂದೇ ಮನೆಯವರ ಹಾಗೆ ಕೇಳುತ್ತವೆ. ಆಸೆ ಅಲ್ಲಿಗೆ ತೀರದಿದ್ದರೆ ಮಾರ್ಕ್ ರೋಸೆನ್‌ಫೆಲ್ಡರ್ ಅವರ 'ದ ಲ್ಯಾಂಗ್ವೇಜ್ ಕನ್‌ಸ್ಟ್ರಕ್ಷನ್ ಕಿಟ್' ಇದೆ, 2010ರದ್ದು.

ಆದರೆ ಜನಾಂಗಕ್ಕೆ ಒಂದೇ ಭಾಷೆ ಎಂದದ್ದು ನನಗೆ ಹಿಡಿಸಲಿಲ್ಲ. ನಮ್ಮಲ್ಲಿ ಊಟಕ್ಕೆ ಕರೆಯುವುದು ಹವ್ಯಕ ಕನ್ನಡದಲ್ಲಿ, ಅಡಿಕೆ ಕೊಯ್ಯುವವರ ಹತ್ತಿರ ತುಳು, ಬಸ್ಸಿನಲ್ಲಿ ಮಲಯಾಳ, ಶಾಲೆಯಲ್ಲಿ ಪುಸ್ತಕದ ಕನ್ನಡ. ನಿಮ್ಮ ಊರೇ ಮಲಯಾಳದಲ್ಲಿ ಮಂಜೇಶ್ವರಂ, ಕುಂಬಳೆ ಅಲ್ಲಿ ಕುಂಬಳ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಾಗ ಗುಡ್ಡೆ, ಹೊಳೆ ಇದ್ದಲ್ಲೇ ಇದ್ದವು. ಸರಕಾರದ ಭಾಷೆ ಬದಲಾಯಿತು. ನಿಮ್ಮ ನಾಯಕ ಕಚೇರಿಯಲ್ಲಿ ಅರ್ಜಿ ಹಿಡಿದು ನಿಂತಾಗ ಯಾವ ಭಾಷೆಯಲ್ಲಿ ತಡವರಿಸುತ್ತಾನೆ? ಅದನ್ನು ಬರೆಯಿರಿ. ಹತ್ತು ಪದ ಕಟ್ಟಿದರೂ ಸಾಕಾಗುತ್ತದೆ.

ಪ್ರಶ್ನೆ: ನನ್ನ ಗ್ರಹ ತನ್ನ ಸೂರ್ಯನಿಗೆ ಹತ್ತಿರ ಬಂದಾಗ ಬೇಸಗೆ, ದೂರ ಹೋದಾಗ ಚಳಿಗಾಲ. ಇದು ಸರಿಯೇ?
– ಓದುಗ, ಬದಿಯಡ್ಕ

ಉತ್ತರ: ಭೂಮಿಯ ಮಟ್ಟಿಗೆ ತಪ್ಪು. ನಾವು ಸೂರ್ಯನಿಗೆ ಅತಿ ಹತ್ತಿರ ಇರುವುದು ಜನವರಿಯ ಆರಂಭದಲ್ಲಿ, ಸುಮಾರು 14.7 ಕೋಟಿ ಕಿ.ಮೀ.; ಅತಿ ದೂರ ಜುಲೈಯ ಆರಂಭದಲ್ಲಿ, ಸುಮಾರು 15.2 ಕೋಟಿ. ನಮ್ಮ ಋತುಗಳಿಗೆ ಕಾರಣ ಭೂಮಿಯ ಅಕ್ಷ 23.4 ಡಿಗ್ರಿ ವಾಲಿರುವುದು. ಅದಕ್ಕೇ ಉತ್ತರಕ್ಕೆ ಬೇಸಗೆಯಾದಾಗ ದಕ್ಷಿಣಕ್ಕೆ ಚಳಿ.

ನಿಮ್ಮ ಗ್ರಹದಲ್ಲಿ ಅಕ್ಷ ನೆಟ್ಟಗಿದ್ದು, ಕಕ್ಷೆ ಮಾತ್ರ ತುಂಬ ಉದ್ದುದ್ದ ಇದ್ದರೆ ನೀವು ಬರೆದದ್ದು ಸರಿಯಾಗುತ್ತದೆ. ಭೂವಿಜ್ಞಾನಿ ಸ್ಟೀಫನ್ ಗಿಲೆಟ್ ಅವರ 'ವರ್ಲ್ಡ್-ಬಿಲ್ಡಿಂಗ್' (1996) ಇಂಥ ಲೆಕ್ಕಗಳಿಗೇ ಇರುವ ಪುಸ್ತಕ. ಆದರೆ ಆಗ ಬೇಸಗೆ ಇಡೀ ಗ್ರಹಕ್ಕೆ ಒಟ್ಟಿಗೇ ಬರುತ್ತದೆ, ಚಳಿಯೂ ಒಟ್ಟಿಗೇ. ಒಂದು ವರ್ಷ ಬೆಳೆ ಹೋದರೆ ಗೋಳದ ಆಚೆ ಬದಿಯಿಂದ ಅಕ್ಕಿ ತರಿಸೋಣ ಎಂದರೆ ಅಲ್ಲಿಯೂ ಅದೇ ಚಳಿ. ಆ ಜನ ಕಣಜಕ್ಕೆ ಎಂಥ ಬೀಗ ಹಾಕುತ್ತಾರೆ, ಕೀಲಿ ಯಾರ ಸೊಂಟದಲ್ಲಿ ಇರುತ್ತದೆ, ಅಲ್ಲಿಂದ ಶುರುಮಾಡಿ.