ಕಂತು ಕಳೆದ ಮೇಲಿನ ಲೆಕ್ಕ

(ಗುರುತು ಸಿಗಬಾರದು ಅಂತ ಊರು, ವಯಸ್ಸು, ಅಂಕಿಗಳನ್ನು ಬದಲಿಸಿದ್ದೇನೆ.)

ಇವರನ್ನು 'ರ' ಅನ್ನೋಣ. 41 ವರ್ಷ. ದಾವಣಗೆರೆ ಕಡೆಯವರು, ಟೆಕ್ಸಾಸ್‌ಗೆ ಬಂದು ಬಹಳ ವರ್ಷ ಆಯಿತು. ವಿಚ್ಛೇದನದ ಕೇಸು ಕೋರ್ಟಿನಲ್ಲಿದೆ. ಎಂಟು ವರ್ಷದ ಮಗಳು ಹೆಚ್ಚಿನ ದಿನ ಅಮ್ಮನ ಹತ್ತಿರ. ಹಾಗಾಗಿ ಅವಳ ಖರ್ಚಿಗೆ ಇವರು ಜೀವನಾಂಶ (ಚೈಲ್ಡ್ ಸಪೋರ್ಟ್) ಕೊಡಬೇಕಾಗುತ್ತದೆ. ರಾತ್ರಿ ನಿದ್ದೆ ಬರೋದಿಲ್ಲ ಅಂತ ನನ್ನಲ್ಲಿಗೆ ಬಂದವರು, ಹತ್ತು ನಿಮಿಷಕ್ಕೆಲ್ಲ ಲ್ಯಾಪ್‌ಟಾಪ್ ತೆಗೆದು ಒಂದು ಎಕ್ಸೆಲ್ ಶೀಟ್ ತೋರಿಸಿದರು.

ಮೊದಲ ಸಾಲಿನಲ್ಲಿ 7,200 ಡಾಲರ್: ತೆರಿಗೆ, ಮಗಳ ವಿಮೆ ಕಳೆದು ಉಳಿಯುವ ತಿಂಗಳ ಆದಾಯ. ಕೆಳಗೆ ಮನೆ ಸಾಲದ ಕಂತು 2,600, ಕಾರಿಗೆ 550, ನಿವೃತ್ತಿಗೆ ಕೂಡಿಡುವ ಖಾತೆ 401ಕೆಗೆ 900, ಊರಲ್ಲಿರುವ ಅಪ್ಪ ಅಮ್ಮನಿಗೆ 500. ಉಳಿದದ್ದು 2,650. ಅದರ ಶೇ 20, ಅಂದರೆ 530, ಮಗಳಿಗೆ. ಆ ಚೌಕಕ್ಕೆ ಹಳದಿ ಬಣ್ಣ ಬಳಿದಿದ್ದರು. "ಇಷ್ಟೇ ಅಲ್ವಾ ಮೇಡಂ?"

ಶೇ 20 ಸರಿ. ಟೆಕ್ಸಾಸ್ ಮಾರ್ಗಸೂಚಿಯಲ್ಲಿ ಒಂದು ಮಗುವಿಗೆ ಶೇ 20, ಎರಡಕ್ಕೆ 25, ಮೂರಕ್ಕೆ 30. ತಪ್ಪಿದ್ದು ಯಾವುದರ ಶೇ 20 ಅನ್ನೋದರಲ್ಲಿ. ಸಂಬಳ, ಬೋನಸ್, ಓವರ್‌ಟೈಮ್ ಎಲ್ಲ ಸೇರಿಸಿ, ಅದರಿಂದ ಸೋಷಿಯಲ್ ಸೆಕ್ಯೂರಿಟಿ (ಸರ್ಕಾರಿ ಪಿಂಚಣಿಗೆ ಹಿಡಿಯುವ ತೆರಿಗೆ), ಒಂಟಿ ವ್ಯಕ್ತಿಯ ಲೆಕ್ಕದ ಕೇಂದ್ರ ತೆರಿಗೆ, ಯೂನಿಯನ್ ಚಂದಾ, ಮಗುವಿನ ಆರೋಗ್ಯ ಮತ್ತು ಹಲ್ಲಿನ ವಿಮೆ, ಇಂಥವನ್ನು ಮಾತ್ರ ಕಳೆಯುತ್ತಾರೆ. ಮನೆ ಸಾಲ ಕಳೆಯೋದಿಲ್ಲ. ಅವರ ಹಾಗೆ ಸ್ವಂತ ಇಷ್ಟದಿಂದ 401ಕೆಗೆ ಹಾಕುವ ದುಡ್ಡನ್ನೂ ಇಲ್ಲ. ಹಾಗಾಗಿ ಅವರ ಅಂಕಿ 530 ಅಲ್ಲ, 1,440. ನಾನು ಹೇಳಿದಾಗ ಮುಖ ಸಪ್ಪಗಾಯಿತು.

"ಅಪ್ಪ ಅಮ್ಮನಿಗೆ ಕಳಿಸೋದೂ ಲೆಕ್ಕಕ್ಕಿಲ್ವಾ?" ಆ ಪ್ರಶ್ನೆಯಲ್ಲೇ ಅವರ ನಿದ್ದೆ ಸಿಕ್ಕಿಹಾಕಿಕೊಂಡಿತ್ತು ಅಂತ ನನಗೆ ಅನಿಸಿತು. ಅದರ ಬಗ್ಗೆಯೇ ಮುಕ್ಕಾಲು ಗಂಟೆ ಮಾತಾಡಿದೆವು. ಮಗನಾಗಿ ಕೊಡೋದು ಒಂದು, ಅಪ್ಪನಾಗಿ ಕೊಡೋದು ಇನ್ನೊಂದು. ಎರಡನೆಯದು ಮೊದಲು ಹೋಗುತ್ತದೆ, ಮೊದಲನೆಯದು ಉಳಿದದ್ದರಲ್ಲಿ. ಅವರಿಗೆ ಅದು ಹಿಡಿಸಲಿಲ್ಲ. ಹಿಡಿಸಬೇಕು ಅಂತಲೂ ನಾನು ಹೇಳಲಿಲ್ಲ.

ಆಮೇಲೆ ಸಿಟ್ಟು ಬಂತು. "ಅವಳಿಗೆ ನನಗಿಂತ ಜಾಸ್ತಿ ಸಂಬಳ. ಕ್ಯಾಲಿಫೋರ್ನಿಯಾದಲ್ಲಿರೋ ಫ್ರೆಂಡ್‌ಗೆ ಇಬ್ಬರ ಸಂಬಳಾನೂ ನೋಡಿದ್ರು." ನಿಜ. ಅಲ್ಲಿನ ಸೂತ್ರದಲ್ಲಿ ಇಬ್ಬರ ಆದಾಯ, ಮಗು ಯಾರ ಹತ್ತಿರ ಎಷ್ಟು ಹೊತ್ತು ಇರುತ್ತದೆ, ಎಲ್ಲ ಸೇರುತ್ತದೆ. ಟೆಕ್ಸಾಸಿನ ಶೇಕಡಾ ಲೆಕ್ಕ ಶುರುವಾಗೋದು ಕೊಡುವವರ ಆದಾಯದಿಂದ. ಕಾರಣ ತೋರಿಸಿದರೆ ಜಡ್ಜ್ ಹೆಚ್ಚುಕಮ್ಮಿ ಮಾಡಬಹುದು, ಅದನ್ನು ವಕೀಲರು ವಾದಿಸಬೇಕು. ಮಗಳನ್ನು ಅರ್ಧದಷ್ಟು ದಿನ ತಮ್ಮ ಹತ್ತಿರ ಇಟ್ಟುಕೊಂಡರೆ ಕೊಡೋದು ಸೊನ್ನೆ ಆಗುತ್ತಾ ಅಂತಲೂ ಕೇಳಿದರು. ತಾನಾಗೇ ಸೊನ್ನೆ ಆಗೋದಿಲ್ಲ. ಅಷ್ಟಕ್ಕೇ ಮಗಳನ್ನು ಕೇಳೋದಾದರೆ ಅವಳಿಗೂ ಅದು ಗೊತ್ತಾಗುತ್ತದೆ ಅಂದೆ. ಸ್ವಲ್ಪ ಖಾರವಾಯಿತೇನೋ.

ಊರಿಂದ ಅವರಪ್ಪನದು ಬೇರೆ ಸಲಹೆ: "ಒಂದೇ ಸಲ ಕೊಟ್ಟು ಕೈ ತೊಳ್ಕೋ." ಇಲ್ಲಿ ಸಾಮಾನ್ಯವಾಗಿ ತಿಂಗಳು ತಿಂಗಳು ಕಂಪನಿಯೇ ಸಂಬಳದಿಂದ ಹಿಡಿದು ರಾಜ್ಯದ ಪಾವತಿ ಕೇಂದ್ರಕ್ಕೆ ಕಳಿಸುತ್ತದೆ. ಮಗುವಿಗೆ 18 ತುಂಬುವವರೆಗೆ, ಹೈಸ್ಕೂಲ್ ಮುಗಿಯೋದು ತಡವಾದರೆ ಅಲ್ಲಿಯವರೆಗೆ.

ನಾನು ಕೊಟ್ಟ ಸಲಹೆ ದೊಡ್ಡದೇನಲ್ಲ. ಎರಡು ವರ್ಷದ ಟ್ಯಾಕ್ಸ್ ರಿಟರ್ನ್, ಈಚಿನ ಪೇ ಸ್ಟಬ್ (ಸಂಬಳದ ಚೀಟಿ) ಹಿಡಿದು ಫ್ಯಾಮಿಲಿ ಲಾಯರ್ ಹತ್ತಿರ ಹೋಗಿ. ಆದೇಶ ಬಂದ ಮೇಲೆ ಕೈಗೆ ಕ್ಯಾಶ್ ಕೊಡಬೇಡಿ, ಅದು ಉಡುಗೊರೆ ಅಂತ ಲೆಕ್ಕವಾಗಬಹುದು. ಕೊಡಿಸಿದ ಸೈಕಲ್, ಬೂಟು ಕೂಡ ಈ ಲೆಕ್ಕಕ್ಕೆ ಬರೋದಿಲ್ಲ, ಆದರೂ ಕೊಡಿಸಿ. ಕೆಲಸ ಹೋದರೆ ಸುಮ್ನೆ ಕೂರಬೇಡಿ, ಬದಲಾವಣೆಗೆ ತಕ್ಷಣ ಅರ್ಜಿ ಹಾಕಿ. ಹಳೇ ಬಾಕಿ ತಾನಾಗಿ ಕರಗೋದಿಲ್ಲ. ಇನ್ನೊಂದು: ದುಡ್ಡು ಬೇರೆ, ಭೇಟಿ ಬೇರೆ. ಮಗಳ ಅಮ್ಮ ಅವಳನ್ನು ಕಳಿಸಲಿಲ್ಲ ಅಂತ ನೀವು ಹಣ ನಿಲ್ಲಿಸುವ ಹಾಗಿಲ್ಲ, ನೀವು ಹಣ ಕಟ್ಟಲಿಲ್ಲ ಅಂತ ಅವರು ಮಗಳನ್ನು ತಡೆಯುವ ಹಾಗೂ ಇಲ್ಲ.

ಮೂರು ವಾರ ಬಿಟ್ಟು ಬಂದಾಗ ಹೊಸ ಶೀಟ್ ತಂದಿದ್ದರು. 1,440 ಈಗ ಮೊದಲ ಸಾಲಿಗೆ ಬಂದಿತ್ತು. 401ಕೆ 900ರಿಂದ 300ಕ್ಕೆ ಇಳಿದಿತ್ತು. ಮನೆ ಸಾಲದ ಎದುರು ಒಂದು ಪ್ರಶ್ನೆ ಚಿಹ್ನೆ. ಊರಿನ 500 ಹಾಗೇ ಇತ್ತು.